ಮೊನ್ನೆಯ ಟ್ರೇ ಫೋಟೊ

ಮಾರ್ಚ್ 9, ಭಾನುವಾರ

ಇವತ್ತೂ ಬಂದಿತ್ತು ಅದು, ಹೊಂಡದ ದಡಕ್ಕೆ. ನಿನ್ನೆ ಒಂದೇ ಸಿಗಡಿ ಇತ್ತು, ಇವತ್ತು ಇನ್ನಿಬ್ಬರು ನೆಂಟರನ್ನ ಬೇರೆ ಕರ್ಕೊಂಡು ಬಂದಿದೆ. ಮೂರೂ ನೀರಿನ ಅಂಚಲ್ಲಿ ಮಂಕಾಗಿ ನಿಂತಿದ್ವು, ಬಸ್ಸು ತಪ್ಪಿಸಿಕೊಂಡವರ ಥರ. ಸಿಗಡಿ ಅಂದ್ಮೇಲೆ ಕೈ ಕಂಡ್ರೆ ಚಂಗ್ ಅಂತ ಹಾರಬೇಕು. ಇವು ನನ್ನ ಅಂಗೈ ಮೇಲೆ ಬಂದು ಕೂತ್ಕೊಂಡ್ವು. ಅಷ್ಟೊಂದು ಪ್ರೀತಿ ನನಗೆ ಬೇಕಾಗಿರ್ಲಿಲ್ಲ.

ನೀರಲ್ಲಿ ಇಳಿಬಿಟ್ಟಿದ್ದ ಮೇವಿನ ಟ್ರೇ ಎತ್ತಿ ನೋಡಿದೆ. ಹಾಕಿದ್ದರಲ್ಲಿ ಅರ್ಧಕ್ಕರ್ಧ ಹಾಗೇ ಇದೆ. ಅರವತ್ತು ದಿನದ ಸಿಗಡಿ ಎರಡು ಗಂಟೇಲಿ ಟ್ರೇ ನೆಕ್ಕಿ ಇಟ್ಟಿರಬೇಕು.

ಈ ಪುಸ್ತಕ ಸಿಗಡಿ ಟ್ರೇನಿಂಗಿನವರು ಕೊಟ್ಟಿದ್ದು. ದಿನಾಂಕ, ಮೇವು, ನೀರು, ಷರಾ ಅಂತ ನಾಲ್ಕು ಕಾಲಮ್ಮು. ನಾನು ಐದನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು, ನನಗೆ ಒಗ್ಗಿದ್ದು ಷರಾ ಒಂದೇ. ಅಲ್ಲಿ ಏನು ಬರೆದ್ರೂ ಯಾರೂ ಕೇಳಲ್ಲ. ಅದಕ್ಕೇ ಇಲ್ಲಿ ನಿಜ ಬರೀತೀನಿ. ಇವತ್ತು ಗ್ರೂಪಿಗೆ ನಾನು ಹಾಕಿದ್ದು ಹಳೇ ಫೋಟೊ.

ನಮ್ಮ ಕಾಲುವೆ ಗ್ರೂಪಿಗೆ ಇರೋದು ಎರಡೇ ರೂಲು. ಬೆಳಗ್ಗೆ ಏಳಕ್ಕೆ ಎಲ್ಲರೂ ಅವತ್ತಿನ ಟ್ರೇ ಎತ್ತಿ ಫೋಟೊ ಹಾಕಬೇಕು. ಹೊಂಡದ ನೀರು ಕಾಲುವೆಗೆ ಬಿಡೋ ಮುಂಚೆ ಹೇಳಬೇಕು. ಇಪ್ಪತ್ತೆರಡು ಹೊಂಡ, ಒಂದೇ ಕಾಲುವೆ. ಅದರಿಂದಲೇ ತಗೊಳ್ಳೋದು, ಅದಕ್ಕೇ ಬಿಡೋದು. ಮೇಲಿನವನ ಟ್ರೇ ಚೆನ್ನಾಗಿದ್ರೆ ಕೆಳಗಿನವನು ತೂಬು ಎತ್ತಿ ನೀರು ತಗೋತಾನೆ, ಕೆಟ್ಟಿದ್ರೆ ಮುಚ್ಕೊಂಡು ಕೂರ್ತಾನೆ. ನನ್ನ ಮೇಲಿರೋದು ಕಂಡಕ್ಟರ್, ಅವನೇ ಗ್ರೂಪಿನ ಅಡ್ಮಿನ್. ಬಸ್ಸಿನ ಕೆಲಸ ಬಿಟ್ಟು ಎಂಟು ವರ್ಷ ಆದ್ರೂ ಗ್ರೂಪಲ್ಲಿ "ಒಳಗೆ ಬನ್ನಿ, ಒಳಗೆ ಬನ್ನಿ" ಅಂತಾನೆ. ನನ್ನ ಕೆಳಗಿರೋದು ನನ್ನ ತಂಗಿ.

ಫೋಟೊ ಜೊತೆ ಎಂದಿನ ಹಾಗೆ ವಾಯ್ಸ್ ಬಿಟ್ಟೆ. "ಗುಡ್ ಮಾರ್ನಿಂಗ್ ಕಾಲುವೆ ಬಂಧುಗಳೇ, ನಮ್ಮ ಸಿಗಡಿಗಳು ತಿಂದೂ ತಿಂದೂ ಪ್ಯಾಂಟು ಹಿಡಿಸ್ತಾ ಇಲ್ಲ. ಟೇಲರ್ ಯಾರಾದ್ರೂ ಇದ್ರೆ ಅಳತೆ ತಗೊಳ್ಳಿ."

ತಂಗಿ ತಕ್ಷಣ ಬರೆದ್ಲು, "ಟೇಲರಮ್ಮ ಮಿಷನ್ನು ಮುಚ್ಚಿ ಹೊಂಡಕ್ಕೆ ಇಳಿದಾಯ್ತು ಅಣ್ಣ. ಅಳತೆ ಬೇಕಿದ್ರೆ ನೀನೇ ತಗೋ."

ಹನ್ನೆರಡು ವರ್ಷ ಹೊಲಿದು ಹೊಲಿದು ಅವಳ ಕಣ್ಣು ಮಂಜಾಗಿತ್ತು. ಸೂಜಿ ಬಿಡು ಅಂದ್ರು ಡಾಕ್ಟರು. ಹೊಂಡ ಮಾಡು, ನಾನಿದೀನಿ ಅಂದವನು ನಾನು. ಇದು ಅವಳ ಮೊದಲ್ನೇ ಬೆಳೆ.

ಹದಿನೇಳು ಜನ ನಕ್ಕಿದಾರೆ. ನಾಳೆ ಸರಿ ಹೋಗುತ್ತೆ. ಒಂದು ಹೊತ್ತು ಹಸಿವಾಗದೆ ಇರೋದು ಮನುಷ್ಯರಿಗೂ ಇದೆ.

ಮಾರ್ಚ್ 10, ಸೋಮವಾರ

ದಡದಲ್ಲಿ ಇಪ್ಪತ್ತಕ್ಕೂ ಜಾಸ್ತಿ.

ಒಂದನ್ನ ಹಿಡಿದು ತಲೆ ಮೇಲಿನ ಚಿಪ್ಪು ಸುಲಿದು ಬಿಸಿಲಿಗೆ ಹಿಡಿದೆ. ಗೋಡೆಗೆ ಸುಣ್ಣ ಹೊಡೆಯೋವಾಗ ಪಕ್ಕದ ಕಿಟಕಿಗೆ ಸಿಡಿದಿರುತ್ತಲ್ಲ, ಹಾಗೆ. ಸಣ್ಣ ಸಣ್ಣ ಬಿಳಿ ಚುಕ್ಕೆ. ಒರೆಸಿದೆ, ಹೋಗಲಿಲ್ಲ. ಅಂಗಿಗೆ ತಿಕ್ಕಿ ಒರೆಸಿದೆ. ಇನ್ನೊಂದು ಹಿಡಿದೆ. ಅದರಲ್ಲೂ.

ಹೆಂಡತಿ ಏರಿ ಮೇಲೆ ಬಂದ್ಲು. "ಏನ್ರೀ ಅದು, ಬೆಳಕಿಗೆ ಹಿಡ್ಕೊಂಡು ನೋಡ್ತಿರೋದು?"

"ಎಕ್ಸ್‌ರೇ."

"ಮೊದಲು ನಿಮ್ಮ ತಲೇದು ತೆಗೀರಿ. ಏನಾದ್ರೂ ಸಿಕ್ಕಿದ್ರೆ ನನಗೂ ತೋರಿಸಿ."

ನಕ್ಕೊಂಡು ಹೋದ್ಲು. ಅವಳು ಮರೆಯಾಗೋ ತನಕ ನಾನೂ ನಗ್ತಾ ಇದ್ದೆ. ಆಮೇಲೆ ಅಲ್ಲೇ ಕೂತೆ.

ಬಿಳಿ ಚುಕ್ಕೆ ರೋಗ ಬಂದ್ರೆ ಔಷಧಿ ಇಲ್ಲ. ವಾರ, ಹತ್ತು ದಿನ, ಅಷ್ಟೇ. ನೀರಲ್ಲಿ ಹೋಗುತ್ತೆ, ಏಡಿ ಕಾಲಲ್ಲಿ ಹೋಗುತ್ತೆ, ಕೊಕ್ಕರೆ ಬಾಯಲ್ಲಿ ಹೋಗುತ್ತೆ. ಇದು ಮಗುನ ಕೇಳಿದ್ರೂ ಹೇಳುತ್ತೆ. ಅದಕ್ಕೇ ಗ್ರೂಪು ಮಾಡಿದ್ದು.

ಆದ್ರೆ ಹೇಳಿದವನ ಗತಿ ನನಗೆ ಗೊತ್ತು. ಹೋದ ವರ್ಷ ನನಗೂ ಕಂಡಕ್ಟರಿಗೂ ನಡುವಿನ ಹೊಂಡ ಒಬ್ಬ ಉದ್ದನೆ ಮನುಷ್ಯಂದು. ಅವನು ಚುಕ್ಕೆ ಬಿದ್ದ ಸಿಗಡಿ ಫೋಟೊ ಹಾಕಿದ. ಅವತ್ತಿಂದ ಸಿಗಡಿ ಕೊಳ್ಳೋ ಐಸ್ ಗಾಡಿಯವನು ನಮ್ಮ ಕಾಲುವೆ ಕಡೆ ತಲೆ ಹಾಕಲಿಲ್ಲ. ಎಲ್ಲರೂ ಸೇರಿ ಅವನನ್ನ ಹರಿದು ಮುಕ್ಕಿದ್ರು. ಟೀ ಅಂಗಡೀಲಿ ಅವನು ಕೂತ ಬೆಂಚಲ್ಲಿ ಯಾರೂ ಕೂರ್ತಿರ್ಲಿಲ್ಲ. ಕೊನೆಗೆ ಗ್ರೂಪು ಬಿಟ್ಟ, ಹೊಂಡಾನೂ ಬಿಟ್ಟ. ಅವನಿಗೆ "ಚುಕ್ಕೆ ಸಾಹೇಬ" ಅಂತ ಹೆಸರಿಟ್ಟು ಒಂದು ಹಾಡು ಕಟ್ಟಿ ವಾಯ್ಸ್ ಬಿಟ್ಟವನು ಒಬ್ಬ ಇದ್ದ. ತುಂಬ ನಗಿಸೋ ಮನುಷ್ಯ. ಈ ಪುಸ್ತಕ ಅವನದೇ.

ಇವತ್ತೂ ಹಳೇ ಫೋಟೊನೇ. ಸ್ವಲ್ಪ ಓರೆ ಮಾಡಿ ಹಾಕಿದೆ.

ಮಾರ್ಚ್ 11, ಮಂಗಳವಾರ

ಬೇರೆ ಯಾವುದೋ ಊರಿನ ಗ್ರೂಪಿಂದ ಒಂದು ವಿಡಿಯೋ ಬಂದಿತ್ತು. ಬಿಳಿ ಕೋಟು, ಕನ್ನಡಕ, ಹಿಂದೆ ಬಾಟಲಿಗಳು. "ರೈತ ಮಿತ್ರರೇ, ಚುಕ್ಕೆ ಕಂಡ್ರೆ ಗಾಬರಿ ಬೇಡ, ತಕ್ಷಣ ಮೂರರಲ್ಲಿ ಒಂದು ಪಾಲು ನೀರು ಬದಲಾಯಿಸಿ" ಅಂದ. ನಾಲ್ಕು ಲಕ್ಷ ಜನ ನೋಡಿದಾರೆ. ನಾಲ್ಕು ಲಕ್ಷ ಜನ ಸುಳ್ಳು ನೋಡ್ತಾರಾ.

ವಾರಕ್ಕೊಮ್ಮೆ ಮಂಗಳವಾರ ಕಾಲುವೆಗೆ ಮೇಲಿಂದ ದೊಡ್ಡ ನೀರು ಬರೋ ದಿನ. ಬದಲಾಯಿಸೋದಾದ್ರೆ ಇವತ್ತೇ. ಆರೂವರೆಗೆ ಹಿಂದಿನ ತೂಬಿನ ಹಲಗೆ ಎರಡು ತೆಗೆದೆ. ನನ್ನ ಹೊಂಡದ ನೀರು ಕಾಲುವೆಗೆ ಬಿತ್ತು. ಹಸಿರು ನೀರು, ನೊರೆ ಮಾತ್ರ ಸ್ವಲ್ಪ ಕಂದು.

ಗ್ರೂಪಲ್ಲಿ ಹೇಳಲಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಾರಲ್ಲ.

ಏಳಕ್ಕೆ ಹಳೇ ಫೋಟೊ ಹಾಕಿದೆ. ಏಳೂಕಾಲಿಗೆ ತಂಗಿ ಫೋನು.

"ಅಣ್ಣ, ನನ್ನ ಹೊಂಡದಲ್ಲಿ ನೀರು ಒಂದು ಗೇಣು ಕಮ್ಮಿ ಇದೆ. ತೂಬು ಎತ್ತಲಾ?"

ನನ್ನ ತೂಬಿಂದ ನೀರು ಇನ್ನೂ ಬೀಳ್ತಾ ಇತ್ತು, ಅದನ್ನೇ ನೋಡ್ತಾ ನಿಂತೆ.

"ಯಾಕೆ, ಮಾತು ಹೊರಡ್ತಿಲ್ಲ? ಅತ್ತಿಗೆ ಬೈದ್ರಾ?"

"ನೋಡು ಮತ್ತೆ. ನಿನಗೆ ಬಿಟ್ಟಿದ್ದು" ಅಂದೆ.

"ನನಗೇನು ಬಿಡ್ತೀಯ, ನನಗೆ ಏನು ಗೊತ್ತು. ನಿನ್ನ ಟ್ರೇ ನೋಡಿದೆ, ಲಕಲಕ ಅಂತಿದೆ. ಎತ್ತುತೀನಿ."

ಎತ್ತಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು. ಒಂದು ಪದ. ನಾನು ದಿನಕ್ಕೆ ನೂರು ವಾಯ್ಸ್ ಬಿಡೋನು.

ಅವಳ ಕೆಳಗಿನ ಒಂಬತ್ತು ಹೊಂಡದವರು ಇವತ್ತು ನೀರು ತಗೊಂಡಿಲ್ಲ, ಅವರದು ತುಂಬೇ ಇತ್ತು. ಮುಂದಿನ ಮಂಗಳವಾರ ತಗೋತಾರೆ. ಕಾಲುವೆ ದೊಡ್ಡದು. ನನ್ನ ನೀರು ಎಷ್ಟು ಮಹಾ. ಕರಗಿ ಹೋಗಿರುತ್ತೆ.

ಮಾರ್ಚ್ 12, ಬುಧವಾರ

ಸತ್ತಿದ್ದು ಒಂದು ಬುಟ್ಟಿ. ನಾನೇ ಗುಂಡಿ ತೋಡಿದೆ, ಹೆಂಡತಿ ಏಳೋಕೆ ಮುಂಚೆ.

ತಂಗಿ ಟ್ರೇ ಚೆನ್ನಾಗಿದೆ. ಫೋಟೊ ಎರಡು ಸಲ ದೊಡ್ಡದು ಮಾಡಿ ನೋಡಿದೆ. ಚೆನ್ನಾಗಿದೆ.

ಮಾರ್ಚ್ 14, ಶುಕ್ರವಾರ

ಕೊಕ್ಕರೆ ಬಂದಿವೆ. ಒಂದೆರಡಲ್ಲ, ಮದುವೆ ಮನೆ ಥರ ಸಾಲಾಗಿ. ಕೊಕ್ಕರೆಗಳಿಗೆ ಗ್ರೂಪು ಇಲ್ಲ, ಆದ್ರೂ ಸುದ್ದಿ ಎಷ್ಟು ಬೇಗ ಮುಟ್ಟುತ್ತೆ. ದೂರದಿಂದ ನೋಡಿದವರಿಗೆ ಗೊತ್ತಾಗಿಬಿಡುತ್ತೆ, ಇಲ್ಲಿ ಏನೋ ಸಾಯ್ತಾ ಇದೆ ಅಂತ. ಹೊಂಡದ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ ಹಳೇ ಕ್ಯಾಸೆಟ್ ರೀಲು, ಡಬ್ಬಿ ಮುಚ್ಚಳ, ನನ್ನ ಎರಡು ಬನಿಯನ್ನು ನೇತು ಹಾಕಿದೆ. ಕಂಡಕ್ಟರ್ ಏರಿ ಮೇಲಿಂದ ಕೂಗಿದ, "ಏನಪ್ಪ, ಬಟ್ಟೆ ಅಂಗಡಿ ಇಟ್ಟಿದೀಯ?"

"ಹೂಂ, ಡಿಸ್ಕೌಂಟ್ ಇದೆ, ಬನಿಯನ್ನಲ್ಲಿ ತೂತು ಫ್ರೀ" ಅಂದೆ. ಅವನು ನಗಲಿಲ್ಲ. ಯಾಕೆ ನಗಲಿಲ್ಲ ಅಂತ ಬೆಳಗ್ಗೆಯಿಂದ ಯೋಚನೆ. ಅವನಿಗೆ ಗೊತ್ತಾಗಿದೆಯಾ?

ಹನ್ನೊಂದು ಗಂಟೆಗೆ ಹೆಂಡತಿ ಮೇವಿನ ಕೋಣೆಗೆ ಬಂದು ಫೋನು ನನ್ನ ಮುಂದೆ ಹಿಡಿದ್ಲು.

"ಇದು ಇವತ್ತಿನ ಫೋಟೊನಾ?"

"ಮತ್ತೆ?"

"ಇದರ ಮೂಲೇಲಿ ನನ್ನ ಹಳದಿ ಬಕೆಟ್ಟಿದೆ. ಅದು ಒಡೆದು ವಾರದ ಮೇಲಾಯ್ತು. ನೀವೇ ಅದರ ಮೇಲೆ ಕೂತು ಒಡೆದಿದ್ದು."

ನಾನು ಏನೋ ಒಂದು ತಮಾಷೆ ಹೇಳೋಕೆ ಹೋದೆ. ಅರ್ಧಕ್ಕೆ ಬಿಟ್ಟೆ. ಅವಳು ಸುಮ್ನೆ ಹೊರಗೆ ಹೋಗಿ ಹೊಂಡ ನೋಡಿದ್ಲು. ಹಿತ್ತಲ ಗುಂಡಿ ಮೇಲಿನ ಹೊಸ ಮಣ್ಣು ನೋಡಿದ್ಲು. ವಾಪಸ್ ಬಂದು ಬಾಗಿಲಿಗೆ ಒರಗಿ ನಿಂತ್ಲು.

"ಅವಳಿಗೆ ಹೇಳಿದೀರಾ?"

"ಯಾರಿಗೆ?"

"ಯಾರಿಗಾ?"

ಮೇವಿನ ಚೀಲ ಎಣಿಸೋ ಥರ ಮಾಡಿದೆ. ಅವಳು ಬುಟ್ಟಿ ತಗೊಂಡು ದಡಕ್ಕೆ ಹೋಗಿ ಸತ್ತಿದ್ದನ್ನ ಆರಿಸೋಕೆ ಕೂತ್ಲು. ಸೆರಗಿಂದ ಮೂಗು ಮುಚ್ಚಿದ್ಲು. ಸಂಜೆವರೆಗೂ ಏಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಬೈಯ್ಯದೆ ಕಳೆದ ಮೊದಲ್ನೇ ದಿನ ಇದು. ಬೈದಿದ್ರೆ ಚೆನ್ನಾಗಿತ್ತು.

ಮಾರ್ಚ್ 15, ಶನಿವಾರ

ಸೈಕಲ್ ತಗೊಂಡು ಚುಕ್ಕೆ ಸಾಹೇಬನ ಹತ್ರ ಹೋದೆ. ಹೊಂಡ ಬಿಟ್ಟ ಮೇಲೆ ಅವನು ದೊಡ್ಡ ರಸ್ತೆ ತಿರುವಲ್ಲಿ ಪಂಚರ್ ಅಂಗಡಿ ಇಟ್ಟಿದಾನೆ. ಒಂದು ಮರದ ಪೆಟ್ಟಿಗೆ, ಒಂದು ನೀರಿನ ತೊಟ್ಟಿ, ಗೋಡೆಗೆ ನೇತು ಹಾಕಿದ ಟ್ಯೂಬುಗಳು. ಎರಡು ಸಲ ಅಂಗಡಿ ದಾಟಿ ಹೋಗಿ ವಾಪಸ್ ಬಂದೆ.

"ಬಾರಯ್ಯ ಹಾಡುಗಾರ. ಪಂಚರ್ರಾ?"

"ಹೂಂ."

ಟೈರು ಕಲ್ಲಿನ ಹಾಗಿತ್ತು. ಒತ್ತಿ ನೋಡಿದ. ನನ್ನ ಮುಖ ನೋಡಿದ. ಏನೂ ಅನ್ನದೆ ಗಾಳಿ ಬಿಟ್ಟು ಟ್ಯೂಬು ಹೊರಗೆ ತೆಗೆದು, ತೊಟ್ಟಿ ನೀರಲ್ಲಿ ಅದ್ದಿ ಅದ್ದಿ ಇಲ್ಲದ ತೂತು ಹುಡುಕೋಕೆ ಶುರು ಮಾಡಿದ.

"ಎಷ್ಟು ದಿನ ಆಯ್ತು?"

"ಟ್ಯೂಬು ಹೋದ ವರ್ಷದ್ದು."

"ಟ್ಯೂಬು ಅಲ್ಲ."

"ಆರು ದಿನ" ಅಂದೆ.

"ನೀರು ಬಿಟ್ಟೆಯಾ?"

ಹೂಂ ಅಂತ ತಲೆ ಆಡಿಸಿದೆ. ಅವನು ಕೈ ನಿಲ್ಲಿಸಿದ. ವಿಡಿಯೋ ವಿಷಯ ಹೇಳಿದೆ, ಬಿಳಿ ಕೋಟು, ನಾಲ್ಕು ಲಕ್ಷ ಜನ.

"ಆ ವಿಡಿಯೋದವನ ಕೆಳಗೆ ಯಾರ ಹೊಂಡ ಇದೆ?" ಅಂತ ಕೇಳಿದ.

ನಾನು ಸೈಕಲ್ ಬೆಲ್ಲು ತಿರುಗಿಸ್ತಾ ನಿಂತೆ.

"ನನ್ನ ಹೊಂಡಕ್ಕೆ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರಾ?" ಅಂದ. ಜೋರಾಗೇನೂ ಅನ್ನಲಿಲ್ಲ. "ನನ್ನ ಮೇಲಿನವನ ಟ್ರೇ ಹತ್ತು ದಿನ ಫಳಫಳ ಅಂತಿತ್ತು. ನಂಬಿದೆ. ಎಲ್ಲ ಮುಗಿದ ಮೇಲೆ ಮನೇಲಿ ಕೂತು ಆ ಫೋಟೊಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಅದೇ ಸಿಗಡಿ, ಅದೇ ಮೀಸೆ, ಅದೇ ಕಡೆಗೆ ಸೊಟ್ಟ."

"ಅವತ್ತೇ ಹೇಳಬೇಕಿತ್ತು ನೀನು."

"ಹೇಳಿದೆ. ಅವತ್ತೇ ನಿನ್ನ ಹಾಡು ಬಂತು. ಎಲ್ಲರೂ ಅದನ್ನ ಕೇಳ್ತಿದ್ರು."

ಟ್ಯೂಬು ಒರೆಸಿ ಒಳಗೆ ತೂರಿಸಿದ. ಪಂಪು ಹೊಡೀತಾ ಹೊಡೀತಾ ಅಂದ, "ಆದ್ರೂ ನನ್ನ ಫೋಟೊ ನೋಡಿ ನೀನು ತೂಬು ಮುಚ್ಚಿದೆ ನೋಡು. ನಿನ್ನ ಹೊಂಡ ಉಳೀತು. ಅದು ನನಗೆ ಸಂತೋಷನೇ. ಹಾಡೂ ಚೆನ್ನಾಗಿತ್ತು, ನಮ್ಮ ಮನೇಲಿ ಮಕ್ಕಳು ಹಾಡ್ತಿದ್ರು."

ಕೂಲಿ ತಗೊಳ್ಳಲಿಲ್ಲ. ಪಂಚರೇ ಇರ್ಲಿಲ್ವಲ್ಲ ಅಂದ. ಇನ್ನು ಒಂದು ಹನಿ ನೀರೂ ಹೊರಗೆ ಬಿಡಬೇಡ, ಬಿಟ್ಟಿದ್ದನ್ನ ಕೆಳಗಿನವರಿಗೆ ಹೇಳು ಅಂದ. ಅಷ್ಟೇ.

ವಾಪಸ್ ಬರೋವಾಗ ಸೈಕಲ್ ತುಳಿಯೋಕೆ ಆಗದೆ ತಳ್ಕೊಂಡು ಬಂದೆ.

ಮಾರ್ಚ್ 16, ಭಾನುವಾರ

ನೋಡಬಾರದಿತ್ತು.

ಬೆಳಗ್ಗೆ ಗ್ರೂಪಲ್ಲಿ ತಂಗಿ ಹಾಕಿದ ಫೋಟೊ ತೆಗೆದೆ. ಕನ್ನಡಕ ಹಾಕ್ಕೊಂಡೆ. ಟ್ರೇ ಬಲಗಡೆ ಅಂಚಲ್ಲಿ ಒಂದು ದೊಡ್ಡ ಸಿಗಡಿ, ಎಡ ಮೀಸೆ ಮುರಿದಿದೆ. ಜಾಲರಿಗೆ ಒಂದು ಕೆಂಪು ದಾರ ಸುತ್ತಿಕೊಂಡಿದೆ, ಹೊಲಿಗೆ ದಾರ. ನಿನ್ನೆ ಫೋಟೊ ತೆಗೆದೆ. ಮುರಿದ ಮೀಸೆ, ಕೆಂಪು ದಾರ. ಮೊನ್ನೇದು ತೆಗೆದೆ. ಅದೇ. ಹದಿಮೂರನೇ ತಾರೀಖಿನದೂ ಅದೇ.

ನಾಲ್ಕು ದಿನದಿಂದ ನನ್ನ ತಂಗಿ ನನ್ನ ಹಾಗೇ ಮಾಡ್ತಿದಾಳೆ. ನಾಲ್ಕು ದಿನದಿಂದ ನಾನು ಅದನ್ನ ದೊಡ್ಡದು ಮಾಡಿ ಮಾಡಿ ನೋಡಿ ಸಮಾಧಾನ ಪಟ್ಕೊಂಡಿದೀನಿ. ಅವಳು ನನ್ನದು ನೋಡಿ ಪಟ್ಕೊಂಡಿರ್ತಾಳೆ.

ಮಧ್ಯಾಹ್ನ ಅವಳ ಹೊಂಡಕ್ಕೆ ಹೋದೆ. ದೂರದಿಂದಲೇ ಕಾಣಿಸ್ತು. ಹೊಂಡದ ತುಂಬ ಹಗ್ಗ, ಹಗ್ಗದ ತುಂಬ ಬಟ್ಟೆ ಚೂರು. ಹನ್ನೆರಡು ವರ್ಷದ ಹೊಲಿಗೆ ತುಂಡುಗಳು, ಕೆಂಪು, ನೀಲಿ, ಹೂವಿನದು, ಗೀಟಿನದು. ಗಾಳಿಗೆ ಪಟಪಟ ಅಂತಿದ್ವು. ಅವಳು ಕೋಲು ಹಿಡ್ಕೊಂಡು ಏರಿ ಮೇಲೆ ನಿಂತಿದ್ಲು. ಅವಳ ಗಂಡ ಲಾರಿ ಓಡಿಸೋಕೆ ಹೋಗಿ ಹದಿನೈದು ದಿನ ಆಗಿದೆ, ಒಬ್ಬಳೇ.

"ಕೊಕ್ಕರೆ ಕಾಟ ಅಣ್ಣ" ಅಂದ್ಲು, ನಾನು ಕೇಳೋ ಮುಂಚೆ.

"ಹೂಂ, ನಮ್ಮಲ್ಲೂ."

"ಎಲ್ಲಾ ಕಡೆ ಜಾಸ್ತಿ ಆಗಿದೆ ಅಂತೆ."

"ಹೂಂ. ಟ್ರೇ ಎತ್ತು, ನೋಡೋಣ."

"ಈಗ ತಾನೇ ಮೇವು ಹಾಕಿ ಬಿಟ್ಟೆ. ತಿನ್ನೋ ಹೊತ್ತಲ್ಲಿ ಎತ್ತಬಾರದು ಅಂತ ನೀನೇ ಹೇಳಿದ್ದು."

ಹೌದು, ನಾನೇ ಹೇಳಿದ್ದು. ಇಬ್ಬರೂ ನೀರು ನೋಡ್ತಾ ನಿಂತ್ವಿ. ಅವಳ ಬೆರಳ ಸಂದೀಲಿ ಸುಣ್ಣದ ಪುಡಿ ಇತ್ತು. ಸತ್ತಿದ್ದನ್ನ ಹೂಳೋ ಗುಂಡಿಗೆ ಹಾಕೋ ಸುಣ್ಣ. ಅವಳು ಕೈ ಹಿಂದೆ ಕಟ್ಕೊಂಡ್ಲು.

"ಅಣ್ಣ, ಮೊದಲ್ನೇ ಸಲ ಮಾಡೋರು ಏನಾದ್ರೂ ತಪ್ಪು ಮಾಡಿದ್ರೆ ಗ್ರೂಪಲ್ಲಿ ತುಂಬ ಬೈತಾರಾ?"

ನೀನು ಏನೂ ತಪ್ಪು ಮಾಡಿಲ್ಲ ಕಣೇ ಅನ್ನಬೇಕಿತ್ತು. ನಾನು ಅಂದಿದ್ದು ಏನು ಗೊತ್ತಾ? "ಮೊದಲ್ನೇ ಸಲ ಅಂದ್ರೆ ಅರ್ಧ ಟಿಕೆಟ್ಟು, ಕಂಡಕ್ಟರ್ ರಿಯಾಯಿತಿ ಕೊಡ್ತಾನೆ."

ಅವಳು ನಕ್ಕಳು. ನಗೋವಾಗ ಗದ್ದ ನಡುಗ್ತಾ ಇತ್ತು. ಚಿಕ್ಕವಳಿದ್ದಾಗ ಪೆಟ್ಟು ಬಿದ್ರೆ ಹೀಗೇ, ಮೊದಲು ನಗೋಳು.

ಹೇಳದೆ ಬಂದೆ.

ಮಾರ್ಚ್ 17, ಸೋಮವಾರ

ಕೆಳಗಿನವರೊಬ್ಬರು ಗ್ರೂಪಲ್ಲಿ ಬರೆದಿದಾರೆ. "ನಾಳೆ ಎಂಟಕ್ಕೆ ದೊಡ್ಡ ನೀರು. ಮೇಲಿನವರೆಲ್ಲರ ಟ್ರೇ ಸೂಪರ್ ಇದೆ. ನಾವು ಒಂಬತ್ತೂ ಜನ ಒಟ್ಟಿಗೇ ತೂಬು ಎತ್ತುತೀವಿ."

ಕಂಡಕ್ಟರ್ ಹೆಬ್ಬೆರಳು ಒತ್ತಿದಾನೆ. ತಂಗಿ ಒತ್ತಿಲ್ಲ. ನಾನೂ ಒತ್ತಿಲ್ಲ.

ಅರ್ಧ ಊಟಕ್ಕೇ ಎದ್ದೆ.

ಮಾರ್ಚ್ 18, ಮಂಗಳವಾರ

ಮೇವಿನ ಕೋಣೇಲಿ ಚೀಲದ ಮೇಲೆ ಕೂತು ಬರೀತಿದೀನಿ. ಮಧ್ಯಾಹ್ನ ಆಗಿದೆ. ಅಕ್ಷರ ಕೋಳಿ ಕೆದಕಿದ ಹಾಗಿದೆ. ಆದ್ರೂ ಒಂದೊಂದಾಗಿ ಬರೀತೀನಿ.

ಬೆಳಗ್ಗೆ ಏಳಕ್ಕೆ ನಿಜವಾದ ಟ್ರೇ ಎತ್ತಿದೆ. ಏಳು ಸಿಗಡಿ ಇದ್ವು, ನಾಲ್ಕು ಸತ್ತಿದ್ವು. ಫೋಟೊ ತೆಗೆದೆ. ವಾಯ್ಸ್ ಒತ್ತಿ ಹಿಡಿದೆ. ಬಾಯಿಗೆ ಬಂದಿದ್ದು ಅಭ್ಯಾಸದ ಮಾತು, "ಗುಡ್ ಮಾರ್ನಿಂಗ್ ಕಾಲುವೆ ಬಂಧುಗಳೇ." ಆಮೇಲೆ ಹೇಳಿದೆ. ನನ್ನ ಹೊಂಡಕ್ಕೆ ಬಿಳಿ ಚುಕ್ಕೆ ಬಂದು ಹತ್ತು ದಿನ ಆಯ್ತು, ಹಾಕಿದ್ದೆಲ್ಲ ಹಳೇ ಫೋಟೊ, ಹನ್ನೊಂದನೇ ತಾರೀಖು ಬೆಳಗ್ಗೆ ಆರೂವರೆಗೆ ಯಾರಿಗೂ ಹೇಳದೆ ನೀರು ಬಿಟ್ಟೆ, ಇವತ್ತು ಯಾರೂ ತೂಬು ಎತ್ತಬೇಡಿ. ಬಿಟ್ಟೆ, ಹೋಯ್ತು.

ಒಂದು ನಿಮಿಷಕ್ಕೆ ನಗೋ ಮುಖ ಬಂತು. ಒಂದು, ಎರಡು, ಹನ್ನೊಂದು.

"ಬೆಳಗ್ಗೆ ಬೆಳಗ್ಗೆನೇ ಶುರು ಹಚ್ಕೊಂಡೆಯಾ ಮಾರಾಯ."

"ಧ್ವನಿ ನೋಡಿ, ನಿಜವಾಗ್ಲೂ ಅತ್ತ ಹಾಗೇ ಮಾಡ್ತಾನೆ, ನಾಟಕಕ್ಕೆ ಸೇರಿಸಿ."

"ಫೋಟೊ ಹೋದ ವರ್ಷದ್ದು, ಚುಕ್ಕೆ ಸಾಹೇಬಂದು. ನಮಗೆ ಗೊತ್ತಿಲ್ವಾ?"

ನಿಜ ಅಂತ ಬರೆದೆ. ಇನ್ನೂ ನಕ್ಕರು. ಆಣೆ ಹಾಕಿದೆ, ಅದಕ್ಕೆ ಇನ್ನೂ ಜಾಸ್ತಿ. ಏಳೂವರೆ ಆಗಿತ್ತು. ಎಂಟಕ್ಕೆ ನೀರು. ಒಂಬತ್ತು ಮನೆಯವರು ಕೈಲಿ ಹಲಗೆ ಹಿಡ್ಕೊಂಡು ನಿಂತು ನನ್ನ ಜೋಕಿಗೆ ನಗ್ತಾ ಇದಾರೆ. ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಮೊದಲ್ನೆಯವನು "ಸಾಕು ಬಿಡಪ್ಪ, ಹಲ್ಲುಜ್ಜೋಕೆ ಬಿಡು" ಅಂತ ಇಟ್ಟ. ಎರಡನೆಯವನು ಎತ್ತಲೇ ಇಲ್ಲ. ಓಡೋಣ ಅಂದ್ರೆ ಕೆಳಗಿನ ಕೊನೇ ಹೊಂಡ ಮೂರು ಮೈಲಿ ದೂರ.

ಹೆಂಡತಿ ಸತ್ತಿದ್ದು ಆರಿಸ್ತಾ ಇದ್ದವಳು ಎದ್ದು ಬಂದ್ಲು. ಮೊಣಕೈ ತನಕ ಒದ್ದೆ. ಫೋನು ನನ್ನ ಕೈಯಿಂದ ಕಿತ್ಕೊಂಡ್ಲು. ಅವಳ ಧ್ವನಿ ಆ ಗ್ರೂಪಲ್ಲಿ ಯಾರೂ ಕೇಳಿಲ್ಲ.

"ಯಾವುದು ಒತ್ತಬೇಕು?"

"ಆ ಮೈಕಿನ ಗುರುತು. ಒತ್ತಿ ಹಿಡ್ಕೋ, ಬಿಟ್ರೆ ಹೋಗುತ್ತೆ."

ಬೆರಳು ಒದ್ದೆ ಅಂತ ಗೆಣ್ಣಲ್ಲಿ ಒತ್ತಿದ್ಲು. "ನಾನು ಇವರ ಮನೆಯವಳು. ಇವರು ಜೋಕು ಮಾಡ್ತಿಲ್ಲ. ನಾಲ್ಕು ದಿನದಿಂದ ಸತ್ತ ಸಿಗಡಿ ಗುಂಡಿಗೆ ಹಾಕಿ ಸುಣ್ಣ ಸುರೀತಿರೋಳು ನಾನು. ಹನ್ನೆರಡು ಬುಟ್ಟಿ ಆಯ್ತು. ನಗೋರು ಬಂದು ಗುಂಡಿ ಮೂಸಿ ನೋಡಿ. ತೂಬು ಮುಚ್ಚಿ. ಇಷ್ಟೇ." ಬಿಟ್ಲು. "ಹೋಯ್ತಾ?"

"ಹೋಯ್ತು."

ಬುಟ್ಟಿ ಹತ್ರ ವಾಪಸ್ ಹೋದ್ಲು.

ಗ್ರೂಪು ಸುಮ್ಮನಾಯ್ತು. ಮೂರು ವರ್ಷದಲ್ಲಿ ಅದು ಅಷ್ಟು ಸುಮ್ಮನಿದ್ದಿದ್ದು ನಾನು ನೋಡಿಲ್ಲ. ಯಾರೋ ಟೈಪ್ ಮಾಡ್ತಿದಾರೆ ಅಂತ ತೋರಿಸೋದು, ನಿಲ್ಲೋದು. ಮತ್ತೆ ತೋರಿಸೋದು, ನಿಲ್ಲೋದು.

ಆಮೇಲೆ ಒಂದು ಆಯ್ತು. ಮೇಲೆ ಇವತ್ತು ಕಂಡಕ್ಟರ್ ಹಾಕಿದ್ದ ಟ್ರೇ ಫೋಟೊ ಮಾಯ ಆಯ್ತು. ಅದಿದ್ದ ಜಾಗದಲ್ಲಿ "ಈ ಮೆಸೇಜ್ ಅಳಿಸಲಾಗಿದೆ" ಅಂತ. ನಾನು ಫೋನು ಕೆಟ್ಟಿತು ಅನ್ಕೊಂಡೆ. ಅವನ ನಿನ್ನೆ ಫೋಟೊ ಹೋಯ್ತು. ಆಮೇಲೆ ಅವನಿಗಿಂತ ಮೇಲಿನವನದು, ಇವತ್ತಿಂದು, ನಿನ್ನೇದು. ಆಮೇಲೆ ತಂಗಿದು. ಮುರಿದ ಮೀಸೆ, ಕೆಂಪು ದಾರ ಎರಡೂ ಹೋಯ್ತು. ಅಳಿಸಲಾಗಿದೆ, ಅಳಿಸಲಾಗಿದೆ, ಅಳಿಸಲಾಗಿದೆ. ಒಟ್ಟು ಆರು ಮನೆ. ಯಾರೂ ಒಂದು ಮಾತು ಬರೀಲಿಲ್ಲ. ನನ್ನ ಹೊಂಡಕ್ಕೆ ಬಂದಿದ್ದು ಎಲ್ಲಿಂದ ಅಂತ ಗೊತ್ತಾದ್ರೂ ಸಿಟ್ಟು ಬರಲಿಲ್ಲ. ಇಷ್ಟು ಜನ ದಿನಾ ಬೆಳಗ್ಗೆ ನಾನು ಕೂತ ಹಾಗೇ ಕೂತು, ಹಳೇ ಫೋಟೊ ಹುಡುಕ್ತಾ ಇದ್ರಾ?

ಏಳು ಐವತ್ತೆರಡಕ್ಕೆ ಕೆಳಗಿನ ಮೊದಲ್ನೇ ಹೊಂಡದವನು ಫೋಟೊ ಹಾಕಿದ. ಮುಚ್ಚಿದ ತೂಬು, ಮುಂದೆ ಎರಡು ಮರಳು ಚೀಲ. ಆಮೇಲೆ ಎರಡನೆಯವನು. ಎಂಟೂ ಹತ್ತರೊಳಗೆ ಒಂಬತ್ತೂ ಬಂತು. ನೀರು ಅವರ ಬಾಗಿಲ ಮುಂದೆ ಹಾಗೇ ಹರಿದು ಹೋಯ್ತು. ಅಳೋಕೆ ಶುರು ಮಾಡಿದ್ದು ನನಗೇ ಗೊತ್ತಾಗ್ಲಿಲ್ಲ, ಹೆಂಡತಿ ದೂರದಿಂದ "ಮೂಗು ಒರೆಸ್ಕೊಳ್ಳಿ" ಅಂದಾಗ ಗೊತ್ತಾಯ್ತು.

ಒಂಬತ್ತಕ್ಕೆ ತಂಗಿ ಒಂದು ಫೋಟೊ ಹಾಕಿದ್ಲು. ಇವತ್ತಿನ ಟ್ರೇ. ಅರ್ಧ ಮೇವು ಹಾಗೇ ಇದೆ, ಐದು ಸಿಗಡಿ, ಎರಡಕ್ಕೆ ತಲೆ ಬೆಳ್ಳಗೆ. ಏನೂ ಬರೆದಿರ್ಲಿಲ್ಲ.

ಆಮೇಲೆ ಶುರುವಾಯ್ತು. "ನಿನ್ನಿಂದ ಕಾಲುವೆಗೇ ಕೆಟ್ಟ ಹೆಸರು." "ಒಡಹುಟ್ಟಿದವಳ ಹೊಂಡಕ್ಕೆ ವಿಷ ಬಿಟ್ಟವನು." ಐಸ್ ಗಾಡಿಯವನು ಗ್ರೂಪು ಬಿಟ್ಟ. ನನ್ನ ಮೇಲೆ ಯಾರಾದ್ರೂ ಹಾಡು ಕಟ್ತಾರಾ ಅಂತ ಕಾಯ್ತಿದ್ದೆ. ಇನ್ನೂ ಬಂದಿಲ್ಲ. ಕಂಡಕ್ಟರ್ ಒಂದೇ ಒಂದು ಬರೆದ, "ಬಲೆ ಯಾರ ಹತ್ರ ಇದೆ, ಉಳಿದಿದ್ದನ್ನ ಇವತ್ತೇ ಎತ್ತೋಣ. ಮೊದಲು ಟೇಲರಮ್ಮಂದು, ಅದರಲ್ಲಿ ಇನ್ನೂ ಜೀವ ಇದೆ." ಬಲೆ ಕಳಿಸ್ತೀನಿ ಅಂತ ಇಬ್ಬರು ಹೇಳಿದಾರೆ. ಸಂಜೆ ಬರ್ತಾರಂತೆ. ಎಷ್ಟು ಸಿಗುತ್ತೋ, ಯಾರು ತಗೋತಾರೋ.

ಹನ್ನೆರಡೂವರೆಗೆ ತಂಗಿ ಬಂದ್ಲು. ಏರಿ ಮೇಲೆ ಬರೋದು ಕಂಡು ನಾನು ಈ ಕೋಣೆಗೆ ಬಂದು ಸೇರ್ಕೊಂಡೆ. ಐವತ್ತೆರಡು ವರ್ಷದ ಗಂಡಸು, ಮೇವಿನ ಚೀಲದ ಹಿಂದೆ. ಅವಳು ಈ ಬಾಗಿಲ ಮುಂದೆನೇ ಹೋದ್ಲು, ಒಳಗೆ ನೋಡಲಿಲ್ಲ. ಸೀದಾ ಅಡುಗೆ ಮನೆಗೆ. "ಅತ್ತಿಗೆ" ಅಂದಿದ್ದು ಕೇಳಿಸ್ತು. ಆಮೇಲೆ ಅಳು, ಯಾರದು ಅಂತ ಗೊತ್ತಾಗ್ಲಿಲ್ಲ. ಅವಳು ಏನಾದ್ರೂ ಅಂದ್ರೆ ತಡ್ಕೋತೀನಿ. ಏನೂ ಅನ್ನದೆ ಹೋಗಿಬಿಟ್ರೆ ಅಂತ ಹೆದರಿಕೆ. ಅದಕ್ಕೇ ಬರೀತಾನೇ ಇದೀನಿ, ಪುಟ ಮುಗಿದು ಮೇವು, ನೀರು ಕಾಲಮ್ಮಿಗೂ ಬಂದೆ.

ಈಗ ಬಾಗಿಲಲ್ಲಿ ಬಂದು ನಿಂತಿದಾಳೆ. ತಲೆ ಎತ್ತಿಲ್ಲ ನಾನು, ಕಾಲು ಕಾಣ್ತಿದೆ.

"ಊಟಕ್ಕೆ ಏಳಬೇಕಂತೆ" ಅಂದ್ಲು. ಅಣ್ಣ ಅನ್ನಲಿಲ್ಲ.

"ಯಾರು ಹೇಳಿದ್ದು?"

"ಅತ್ತಿಗೆ."

ಹೋಗ್ತಾಳೆ ಅನ್ಕೊಂಡೆ. ಹೋಗಿಲ್ಲ. ಅಲ್ಲೇ ನಿಂತಿದಾಳೆ. "ಬೆಳಗ್ಗೆಯಿಂದ ನಾನೂ ಏನೂ ತಿಂದಿಲ್ಲ, ಬರ್ತೀಯಾ ಇಲ್ವಾ" ಅಂತಿದಾಳೆ.

ಹೋಗ್ತೀನಿ.